ಒಂದಿಂಚು ಲೂಸ್

ಶನಿವಾರ ಬೆಳಗ್ಗೆ ಜೂಮಕ್ಕನ ಕಂಪ್ಯೂಟರು ಮತ್ತೆ ಕೈಕೊಟ್ಟಿತು. ಪರದೆಯ ನಡುವೆ ಒಂದು ಬೂದು ಚೌಕ ಮೂಡಿ, ಮೆಮೊರಿ ಸಾಲದು ಎಂದು ಹೇಳಿ, ಸರಿ ಎನ್ನುವ ಒಂದೇ ಒಂದು ಗುಂಡಿಯನ್ನು ಮುಂದಿಟ್ಟು ಕೂತಿತು. ಸರಿ ಅನ್ನದೆ ಬೇರೆ ದಾರಿಯನ್ನೇ ಕೊಡದ ಈ ಮರ್ಯಾದೆ ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒತ್ತಿದಳು. ಮಾಡಿದ್ದೆಲ್ಲ ಮುಚ್ಚಿಕೊಂಡಿತು.

ಸೋಮವಾರ ಬೆಳಗ್ಗೆ ಅವಳು ಊರಿನ ಮ್ಯೂಸಿಯಮ್ಮಿಗೆ ಒಂದು ಚಿಕ್ಕ ಚಿತ್ರ ಒಪ್ಪಿಸಬೇಕಿತ್ತು. ರಸ್ತೆ ಅಗಲ ಮಾಡುವಾಗ ಕೆಡವಿಹಾಕಿದ ಹಳೇ ಪೇಟೆ ಬೀದಿಯನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ, ನೋಡುವವರೇ ಅದರ ಈ ತುದಿಯಿಂದ ಆ ತುದಿಗೆ ನಡೆದುಹೋದಂತೆ ತೋರಿಸುವ ಚಿತ್ರ. ಸ್ಟುಡಿಯೋ ನೌಕರಿ ಬಿಟ್ಟು ಮನೆಯಲ್ಲೇ ಕೂತ ಮೇಲೆ ಅವಳ ಸ್ವಂತ ಹೆಸರಿಗೆ ಬಂದ ಮೊದಲ ಕೆಲಸ. ಮಂಗಳವಾರ ಪ್ರದರ್ಶನ ಶುರು. ಸೋಮವಾರಕ್ಕೆ ಬರದಿದ್ದರೆ ಕೆಲಸ ಅವಳ ಹಳೇ ಸ್ಟುಡಿಯೋಕ್ಕೇ ಹೋಗುತ್ತದೆ ಎಂದು ಮ್ಯೂಸಿಯಂ ಮೇಡಂ ಮೊದಲೇ ಹೇಳಿಬಿಟ್ಟಿದ್ದರು. ಆ ಸ್ಟುಡಿಯೋದವರ ಹತ್ತಿರ ಅದೇ ಬೀದಿಯ ಇನ್ನೊಂದು ಚಿತ್ರ ಆಗಲೇ ತಯಾರಿತ್ತು. ಅದರಲ್ಲಿ ಎಲ್ಲ ಅಂಗಡಿಗಳ ಷಟರ್ ಇಳಿದಿತ್ತು.

"ಒಳಗಡೆ ಏನಿದೆ ಅಂತ ಯಾರು ಬಗ್ಗಿ ನೋಡ್ತಾರೆ?" ಅನ್ನುವುದು ಹಳೇ ಬಾಸಿನ ಮಾತು. ಆ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಅವಳು ನೌಕರಿ ಬಿಟ್ಟಿದ್ದು ಬೇರೆ ಯಾವ ಕಾರಣಕ್ಕೂ ಅಲ್ಲ, ಅದನ್ನು ಇನ್ನೊಂದು ಸಲ ಕೇಳಲಾರದೆ. ಜೂಮಕ್ಕ ಅನ್ನುವ ಅಡ್ಡಹೆಸರು ಬಿದ್ದದ್ದೂ ಅಲ್ಲಿಯೇ. ಬಾಗಿಲು ಮಾಡಲು ಕೊಟ್ಟರೆ ಅವಳು ಚಿತ್ರವನ್ನು ಜೂಮ್ ಮಾಡಿಕೊಂಡು ಚಿಲಕಕ್ಕೆ ಹೋಗುತ್ತಿದ್ದಳು, ಚಿಲಕದಿಂದ ಸ್ಕ್ರೂಗೆ, ಸ್ಕ್ರೂವಿನಿಂದ ಅದರ ತಲೆಯ ಮೇಲಿನ ತುಕ್ಕಿಗೆ. ಜೊತೆಯವರು ನಕ್ಕು ಹೆಸರಿಟ್ಟರು. ಬಾಸಿಗೆ ಮಾತ್ರ ನಗು ಬರಲಿಲ್ಲ, ಸಂಬಳ ಕೊಡುವವನಿಗೆ ತುಕ್ಕಿನಲ್ಲಿ ಏನು ಸುಖ.

ಈಗ ತನ್ನದೇ ಕೆಲಸದಲ್ಲಿ ಅವಳು ಮನಸೋ ಇಚ್ಛೆ ಜೂಮ್ ಮಾಡಿದ್ದಳು. ಬೀಗದ ಅಂಗಡಿಯಲ್ಲಿ ತೂಗುಹಾಕಿದ ಬೀಗದ ಕೈ ಒಂದೊಂದೂ ಬೇರೆ ಬೇರೆ. ಗಡಿಯಾರ ರಿಪೇರಿಯವನ ಗಾಜಿನ ಪೆಟ್ಟಿಗೆಯಲ್ಲಿ ಒಂದು ಗಡಿಯಾರದಂತೆ ಇನ್ನೊಂದು ಹೊತ್ತು ತೋರಿಸುತ್ತಿರಲಿಲ್ಲ. ಬೀದಿಯ ಕೊನೆಗೆ ಒಂದು ಟೈಲರ್ ಅಂಗಡಿ, ಅದರ ಗೋಡೆಯ ತುಂಬ ಥಾನುಗಟ್ಟಲೆ ಬಟ್ಟೆ, ಒಂದೊಂದರ ನೇಯ್ಗೆಯೂ ಬಿಡಿಬಿಡಿಯಾಗಿ ಕಾಣಬೇಕು. ಅಲ್ಲಿಗೆ ಬಂದಕೂಡಲೇ ಚಿತ್ರ ಮೂಡಿಸುವ ಹಳೇ ಗ್ರಾಫಿಕ್ಸ್ ಕಾರ್ಡು ಕೈಯೆತ್ತುತ್ತಿತ್ತು. ಕಾರ್ಡಿಲ್ಲದೆ ಬರೀ ಪ್ರೊಸೆಸರಿನಲ್ಲೇ ಮಾಡಿಸೋಣವೆಂದರೆ ಮುಂದಿನ ತಿಂಗಳಿಗೂ ಮುಗಿಯುವಂತಿರಲಿಲ್ಲ.

ಆ ಟೈಲರ್ ಅಂಗಡಿ ಅವಳ ಅಪ್ಪನದು.

ಅಪ್ಪನನ್ನು ಬೀದಿಯವರು ಟೇಪಪ್ಪ ಎಂದು ಕರೆಯುತ್ತಿದ್ದರು. ಅಂಗಡಿ ಹೋಗಿ ವರ್ಷಗಳಾದರೂ ಅವನ ಕೊರಳಿನಿಂದ ಅಳತೆಯ ಟೇಪು ಇಳಿದಿರಲಿಲ್ಲ, ತರಕಾರಿ ತರಲು ಹೋಗುವಾಗಲೂ ಅದು ಕೊರಳಲ್ಲೇ. ಅಂಗಡಿಯಿದ್ದ ಕಾಲದಲ್ಲಿ ಅವನು ಗಿರಾಕಿಯ ಮೈಗೆ ಟೇಪು ಹಿಡಿದು ಅಂಕಿ ಕೂಗುವನು. ಕತ್ತರಿಸುವ ಮೇಜಿನ ಆಚೆ, ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತ ಅಮ್ಮ ಬರೆದುಕೊಳ್ಳುವಳು. ಜೂಮಕ್ಕ ಬೆಳೆದದ್ದು ಆ ಮೇಜಿನ ಕೆಳಗೆ, ಕಂದು ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಗೀಚುತ್ತ. ಟೈಲರ್ ಮಗಳಾಗಿಯೂ ಅವಳು ಒಂದು ದಿನವೂ ಮೈಗೆ ಸರಿಯಾದ ಬಟ್ಟೆ ಹಾಕಿದವಳಲ್ಲ. ಬೆಳೆಯುವ ಹುಡುಗಿ, ಸ್ವಲ್ಪ ಲೂಸ್ ಇರಲಿ ಎಂದು ಅಪ್ಪ ತೋಳಿಗೆ, ಸೊಂಟಕ್ಕೆ, ಅಂಚಿಗೆ ಎಲ್ಲ ಕಡೆ ಬಿಟ್ಟು ಹೊಲಿಯುವನು. ಶಾಲೆಯಲ್ಲಿ ಹುಡುಗರಿಗೆ ಹಬ್ಬ. ಲೂಸ್ ಬಂತು, ಲೂಸ್ ಬಂತು ಎಂದು ಕೂಗಿಸಿಕೊಂಡೇ ಅವಳು ಹತ್ತನೇ ಕ್ಲಾಸು ಮುಗಿಸಿದ್ದಳು. ಊರಿಗೆಲ್ಲ ಬೈಗುಳವಾದ ಮಾತು ಅವಳ ಅಪ್ಪನಿಗೆ ಕಸುಬಿನ ಧರ್ಮ.

ಅಂಗಡಿಯ ಒಳಗಿನ ಫೋಟೋ ಒಂದೂ ಉಳಿದಿರಲಿಲ್ಲ. ಹೊರಗಿನ ಅಳತೆಯೇನೋ ಮ್ಯೂಸಿಯಮ್ಮಿನ ಹಳೇ ನಕ್ಷೆಯಲ್ಲಿತ್ತು, ಒಳಗಿನದನ್ನು ಅವಳು ಊಟಕ್ಕೆ ಕೂತಾಗ ಅಪ್ಪನನ್ನೇ ಕೇಳಿ ಕೇಳಿ ತಿಳಿದುಕೊಂಡಿದ್ದಳು. ಮೇಜು ಎಷ್ಟು ಉದ್ದ? ಸ್ಟೂಲು ಎಷ್ಟು ಎತ್ತರ? ಮೇಜಿಗೂ ಗೋಡೆಗೂ ನಡುವೆ ಎಷ್ಟು ಜಾಗ? ಅಪ್ಪ ತಟ್ಟೆಯಿಂದ ತಲೆಯೆತ್ತದೆ ಒಂದೊಂದಕ್ಕೂ ಥಟ್ಟನೆ ಅಂಕಿ ಹೇಳಿ, ಕೊನೆಗೆ ತಪ್ಪದೆ ಒಂದು ಕೊಂಕು ಸೇರಿಸುತ್ತಿದ್ದ.

"ಹೋದ ಬೀದಿ ಹೋಯ್ತು. ಅದನ್ನ ಡಬ್ಬದೊಳಗೆ ಕಟ್ಟಿ ಯಾರಿಗೆ ಬಾಡಿಗೆ ಕೊಡ್ತೀಯ?"

ಕಟ್ಟಿದ್ದನ್ನು ನೋಡು ಬಾ ಎಂದರೆ ಬರುತ್ತಿರಲಿಲ್ಲ. ಅರ್ಧ ಹೊಲಿದ ಬಟ್ಟೆಯನ್ನು ಗಿರಾಕಿಗೆ ತೋರಿಸಬಾರದು ಅನ್ನುವುದು ಅವನ ನೆಪ.

ಬೂದು ಚೌಕ ಮುಖಕ್ಕೆ ಹೊಡೆದ ಮೇಲೆ ಜೂಮಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಬಿಡಿಭಾಗ ಮಾರುವ ಅಂಗಡಿ ಒಂದು ಕಿರಿದಾದ ಮೆಟ್ಟಿಲ ಮೇಲಿತ್ತು. ಅಂಗಡಿಯವನು ಕಿವಿಯ ಹಿಂದೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು, ಡಬ್ಬಗಳ ನಡುವಿನಿಂದ ತಲೆ ಹೊರಗೆ ಹಾಕಿದ.

"ಗೇಮ್ ಆಡೋಕಾ ಮೇಡಂ, ಕೆಲಸಕ್ಕಾ?"

"ಕೆಲಸಕ್ಕೆ."

ಅವನು ಮೊದಲು ತೋರಿಸಿದ್ದು ಹೊಚ್ಚಹೊಸ ಕಾರ್ಡು. ಡಬ್ಬದ ಮೇಲೆ ಬೆಂಕಿಯ ಚಿತ್ರ. "ಇದು ರಾಕೆಟ್. ಕಣ್ಣು ಮಿಟುಕಿಸೋದ್ರಲ್ಲಿ ಕೆಲಸ ಮುಗಿದಿರುತ್ತೆ."

"ಮೆಮೊರಿ?"

"ಎಂಟು ಜಿಬಿ. ಸಾಲಲ್ವಾ?"

ಸಾಲುತ್ತಿರಲಿಲ್ಲ. ಎಲ್ಲ ಅಂಗಡಿಯೂ ತೆರೆದಿದ್ದರೆ ಅವಳ ಬೀದಿ ಹೆಚ್ಚುಕಡಿಮೆ ಅದರ ಎರಡರಷ್ಟು ಜಾಗ ಕೇಳುತ್ತಿತ್ತು. ಮೇಜಿನ ಕೆಳಗೆ ಬೆಳೆದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾರ್ಡಿನ ವೇಗ ಎಂದರೆ ಕತ್ತರಿ, ಮೆಮೊರಿ ಎಂದರೆ ಬಟ್ಟೆ ಹರಡುವ ಮೇಜು. ಮೇಜೇ ಚಿಕ್ಕದಾದರೆ ಕತ್ತರಿ ಎಷ್ಟು ಚುರುಕಾಗಿದ್ದು ಏನು ಬಂತು.

"ಜಾಸ್ತಿ ಮೆಮೊರಿ ಇರೋದು ಯಾವುದಿದೆ?"

ಅವನು ತಲೆ ಕೆರೆದುಕೊಂಡು, ಒಳಗಿನಿಂದ ಇನ್ನೊಂದನ್ನು ಎರಡೂ ಕೈಯಲ್ಲಿ ಹೊತ್ತು ತಂದ. ಮುಚ್ಚಿಹೋದ ಯಾವುದೋ ಸಿನಿಮಾ ಎಡಿಟಿಂಗ್ ಆಫೀಸಿನದು. ವೇಗದಲ್ಲಿ ಹೊಸದಕ್ಕಿಂತ ಸ್ವಲ್ಪ ಹಿಂದೆ, ಮೆಮೊರಿ ಮಾತ್ರ ಇಪ್ಪತ್ತನಾಲ್ಕು ಜಿಬಿ. ಮೂರು ಫ್ಯಾನಿನ ಆ ಕಾರ್ಡು ಇಟ್ಟಿಗೆಯಷ್ಟು ಭಾರವಿತ್ತು. ಬೆಲೆ ಎರಡಕ್ಕೂ ಸುಮಾರಾಗಿ ಒಂದೇ, ಹಾಗಾಗಿ ಆ ಮಾತನ್ನು ಇಲ್ಲಿಗೇ ಬಿಡೋಣ. ಹಗಲೂ ರಾತ್ರಿ ದುಡಿಸಿ ಸುಸ್ತು ಹೊಡೆಸಿದ ಕಾರ್ಡಲ್ಲ ತಾನೇ ಎಂದು ಅವಳು ಅದನ್ನು ಅಲ್ಲಿನ ಕಂಪ್ಯೂಟರಿಗೆ ಹಾಕಿಸಿ, ಅದು ಕಾಯುವುದನ್ನೂ ತಣ್ಣಗಾಗುವುದನ್ನೂ ನೋಡಿದಳು. ಗಟ್ಟಿಯಾಗಿಯೇ ಇತ್ತು. ತನ್ನ ಮನೆಯ ಪವರ್ ಸಪ್ಲೈ ಅದನ್ನು ತಡೆಯುವುದೇ ಎಂದೂ ಲೆಕ್ಕ ಹಾಕಿದಳು. ತಡೆಯುತ್ತಿತ್ತು.

"ಒಂದು ಮಾತು ಮೇಡಂ," ಎಂದ ಅಂಗಡಿಯವನು. "ಇದು ನನ್ನ ಮಾಲಲ್ಲ, ಬೇರೆಯವರದ್ದು. ಅವರು ಇವತ್ತು ಊರು ಬಿಡ್ತಿದ್ದಾರೆ. ತಗೊಂಡು ಹೋದ್ರೆ ಹೋಯ್ತು, ವಾಪಸ್ ಇಲ್ಲ. ಉದ್ದ ಹನ್ನೆರಡು ಇಂಚು. ನಿಮ್ಮ ಕಂಪ್ಯೂಟರ್ ಕ್ಯಾಬಿನೆಟ್ ಒಳಗೆ ಜಾಗ ಇದೆ ತಾನೇ?"

ಸ್ಕ್ರೂವಿನ ತಲೆಯ ತುಕ್ಕು ಬಿಡದವಳು ತನ್ನ ಕ್ಯಾಬಿನೆಟ್ಟನ್ನೇ ಅಳೆದಿರಲಿಲ್ಲ. ಮನೆಗೆ ಹೋಗಿ ಅಳೆದು ಬರೋಣವೆಂದರೆ ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬರುವುದಿದೆಯಂತೆ. ಅವಳು ಮನೆಗೆ ಫೋನ್ ಹಚ್ಚಿದಳು.

"ಅಪ್ಪ, ಕಂಪ್ಯೂಟರ್ ಡಬ್ಬದ ಪಕ್ಕದ ತಗಡು ತೆಗೆದೇ ಇದೆ ನೋಡು. ಒಳಗಡೆ ಫ್ಯಾನಿರೋ ಒಂದು ಕಾರ್ಡು ಹಿಂದಿನ ಗೋಡೆಗೆ ಅಂಟ್ಕೊಂಡಿದೆಯಲ್ಲ, ಅಲ್ಲಿಂದ ಮುಂದುಗಡೆ ಡಿಸ್ಕ್ ಇಟ್ಟಿರೋ ಗೂಡಿನ ತನಕ ಟೇಪ್ ಹಿಡಿ. ಎಷ್ಟಿದೆ ಹೇಳು."

ಫೋನನ್ನು ಕೆಳಗಿಟ್ಟ ಸದ್ದು, ಕೆಮ್ಮು, ಆಮೇಲೆ ಅಂಗಡಿಯ ಕಾಲದ ಅದೇ ದೊಡ್ಡ ದನಿ. "ಹನ್ನೆರಡೂವರೆ."

"ಸರಿಯಾಗಿ ನೋಡಿದ್ಯಾ?"

"ನಾನು ಅಳತೆ ತೆಗೆಯೋಕೆ ಶುರು ಮಾಡಿದಾಗ ನೀನು ಹುಟ್ಟಿರಲಿಲ್ಲ," ಎಂದು ಅಪ್ಪ ಫೋನ್ ಇಟ್ಟ. ಜೂಮಕ್ಕ ದೊಡ್ಡ ಕಾರ್ಡನ್ನೇ ಕಟ್ಟಿಸಿಕೊಂಡಳು.

ಮನೆಗೆ ಬಂದು ಹಳೇ ಕಾರ್ಡು ತೆಗೆದು, ತಂದದ್ದನ್ನು ಓರೆಯಾಗಿ ಇಳಿಸಿದಳು. ಮುಂದಿನ ತುದಿ ಡಿಸ್ಕಿನ ಗೂಡಿಗೆ ತಗುಲಿತು. ತಾನೇ ತಪ್ಪಾಗಿ ಹಿಡಿದಿರಬೇಕೆಂದು ಹೊರಳಿಸಿದಳು. ಮೊದಲು ಹಿಂದಿನ ತುದಿ, ಆಮೇಲೆ ಮುಂದಿನದು. ಆಗಲಿಲ್ಲ. ಮೊದಲು ಮುಂದಿನದು, ಆಮೇಲೆ ಹಿಂದಿನದು. ಆಗಲೂ ಇಲ್ಲ. ಬೆವರೊರೆಸಿಕೊಂಡು ಮೇಜಿನ ಮೇಲಿನ ಉಕ್ಕಿನ ಸ್ಕೇಲು ಎಳೆದು ಒಳಗೆ ಹಿಡಿದಳು. ಹನ್ನೊಂದೂವರೆ. ಇನ್ನೊಂದು ಸಲ ಹಿಡಿದಳು. ಅಷ್ಟೇ ಬಂತು.

"ಅಪ್ಪ."

ಅಪ್ಪ ಒಳಕೋಣೆಯಲ್ಲಿ ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದ. ಹಾಗೇ ಎದ್ದು ಬಂದ.

"ಇದು ಹನ್ನೊಂದೂವರೆ ಇದೆ. ನೀನು ಹನ್ನೆರಡೂವರೆ ಅಂದೆ."

"ಹೌದು. ಲೂಸ್ ಸೇರಿಸಿ ಹೇಳಿದೆ."

ಜೂಮಕ್ಕನಿಗೆ ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. "ಏನು ಸೇರಿಸಿ?"

"ಲೂಸ್. ಒಂದಿಂಚು." ಅಪ್ಪನ ಮುಖದಲ್ಲಿ ತಪ್ಪು ಮಾಡಿದವನ ಕಳೆಯೇ ಇರಲಿಲ್ಲ. "ಮೈಗೆ ಅಂಟೋ ಹಾಗೆ ಯಾರಾದ್ರೂ ಅಳತೆ ಹೇಳ್ತಾರಾ? ನಾನು ಕೂಗೋ ಅಂಕಿಲಿ ಲೂಸ್ ಸೇರೇ ಇರುತ್ತೆ. ಅಮ್ಮ ಹಾಗೇ ಬರ್ಕೊಳ್ಳೋಳು, ಕತ್ತರಿಸೋ ಹೊತ್ತಲ್ಲಿ ಮತ್ತೆ ಯೋಚನೆ ಮಾಡೋ ಹಾಗಿರಬಾರದು ನೋಡು. ಬರೀ ಅಂಕಿ ನನ್ನ ಬಾಯಲ್ಲಿ ಬರೋದೇ ಇಲ್ಲ."

"ಇದು ಅಂಗಿ ಅಲ್ಲ ಅಪ್ಪ. ತಗಡು. ಇರೋ ಜಾಗಕ್ಕೆ ಲೂಸ್ ಸೇರಿಸಿದ್ರೆ ಜಾಗ ಎಲ್ಲಿಂದ ಹುಟ್ಟುತ್ತೆ?"

ಆಗ ಅಪ್ಪನಿಗೆ ತಿಳಿಯಿತು. ಕೊರಳಿನ ಟೇಪಿನ ಎರಡೂ ತುದಿಯನ್ನು ಹಿಡಿದುಕೊಂಡು ನಿಂತ. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು, ಆದರೆ ಜೂಮಕ್ಕನ ಸಿಟ್ಟು ಅಷ್ಟು ಹೊತ್ತಿಗೆ ನೆತ್ತಿಗೇರಿತ್ತು.

"ಚಿಕ್ಕವಳಿದ್ದಾಗಿಂದ ಇದೇ ಆಯ್ತು. ನನ್ನ ಅಳತೆ ಏನು ಅಂತ ನಿನಗೆ ಯಾವತ್ತೂ ಗೊತ್ತಿರಲಿಲ್ಲ."

ಅಪ್ಪ ಒಳಕೋಣೆಗೆ ಹೋದ. ಹೊಲಿಗೆ ಯಂತ್ರ ಓಡುವ ಸದ್ದು ಬರಲಿಲ್ಲ.

ಅವಳು ಅಂಗಡಿಗೆ ಫೋನ್ ಮಾಡಿದಳು. ವಾಪಸ್ ಮಾತೇ ಇಲ್ಲ, ಮಾರಿದವರು ರೈಲು ಹತ್ತಿಯಾಯಿತು. ರಾಕೆಟ್ಟಾದರೂ ಇದೆಯೇ ಎಂದರೆ, ಆಗಷ್ಟೇ ಹೋಯಿತಂತೆ. ಕ್ಯಾಬಿನೆಟ್ಟಿನಿಂದ ಮದರ್‌ಬೋರ್ಡನ್ನೇ ಕಳಚಿ ಮೇಜಿನ ಮೇಲೆ ಹರಡಿ ನಡೆಸೋಣವೇ ಎಂದೂ ಯೋಚಿಸಿದಳು. ಆದರೆ ಆ ಮುದಿ ಬೋರ್ಡನ್ನು ಹೋದ ಸಲ ಬಿಚ್ಚಿದಾಗ ಅದು ದಿನಗಟ್ಟಲೆ ಮುನಿಸಿಕೊಂಡು, ಏಳದೆ ಮಲಗಿತ್ತು. ಉಳಿದದ್ದು ಒಂದೇ ದಾರಿ. ಹಳೇ ಕಾರ್ಡನ್ನೇ ಮತ್ತೆ ಹಾಕಿ, ಅದು ಹೊರುವಷ್ಟಕ್ಕೆ ಬೀದಿಯನ್ನು ಇಳಿಸುವುದು.

ಅವಳು ಒಂದೊಂದೇ ಷಟರ್ ಇಳಿಸತೊಡಗಿದಳು. ಬೀಗದ ಕೈಗಳು ಹೋದವು. ಗಡಿಯಾರಗಳು ಹೋದವು. ಕಣ್ಣು ಉರಿಯುತ್ತಿತ್ತು, ಅದು ಪರದೆ ನೋಡಿ ನೋಡಿ ಬಂದ ಉರಿಯಲ್ಲ. ನಡುವೆ ಫೋನ್ ರಿಂಗಾಯಿತು. ಮ್ಯೂಸಿಯಂ ಮೇಡಂ.

"ಸೋಮವಾರಕ್ಕೆ ಬರುತ್ತಲ್ವಾ?"

"ಬರುತ್ತೆ ಮೇಡಂ. ಅಂಗಡಿಗಳದ್ದು ಷಟರ್ ಮಾತ್ರ ಇಳಿಸಬೇಕಾಗಿದೆ."

"ಷಟರ್ ಇಳಿದಿರೋ ಬೀದಿ ನನ್ನ ಹತ್ತಿರ ಒಂದಿದೆಯಲ್ಲಮ್ಮ. ಒಳಗಡೆ ತೋರಿಸ್ತೀನಿ, ಅಳತೆ ಸಮೇತ ತೋರಿಸ್ತೀನಿ ಅಂದಿದ್ದಕ್ಕೇ ತಾನೇ ನಿಮಗೆ ಕೊಟ್ಟಿದ್ದು?"

"ಗೊತ್ತು ಮೇಡಂ."

"ನೋಡಿ, ಏನಾಗುತ್ತೋ," ಎಂದು ಅವರು ಫೋನಿಟ್ಟರು. ಆ ಮಾತಿನ ಅರ್ಥ ಜೂಮಕ್ಕನಿಗೆ ಚೆನ್ನಾಗಿಯೇ ಆಯಿತು. ಷಟರ್ ಇಳಿಸಿದರೂ ಕೆಲಸ ಹೋಯಿತು, ಇಳಿಸದಿದ್ದರೂ ಹೋಯಿತು. ಹಳೇ ಬಾಸು ಕುರ್ಚಿಯಲ್ಲಿ ಹಿಂದಕ್ಕೊರಗಿ, ನಾನು ಹೇಳಿರಲಿಲ್ಲವಾ ಎನ್ನುವುದು ಕಣ್ಣಿಗೆ ಕಟ್ಟಿತು. ಅಳು ಬಂದರೆ ಬರಲಿ ಎಂದು ಬಿಟ್ಟು, ಒಂದು ಕೈಯಲ್ಲಿ ಮೂಗೊರೆಸಿಕೊಳ್ಳುತ್ತಲೇ ಇನ್ನೊಂದು ಕೈಯಲ್ಲಿ ಕೊನೆಯ ಷಟರನ್ನೂ ಇಳಿಸಿದಳು.

ಹಿಂದೆ ಯಾರೋ ನಿಂತಂತಾಗಿ ತಿರುಗಿದರೆ ಅಪ್ಪ. ಕೈಯಲ್ಲಿ ಎರಡು ಲೋಟ ಚಹಾ. ಅವನ ಕಣ್ಣು ಪರದೆಯ ಮೇಲಿತ್ತು. ಇಷ್ಟು ದಿನ ಒಮ್ಮೆಯೂ ಇಣುಕದವನು ಈಗ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡ.

"ಇದು ನಮ್ಮದಾ?"

"ಹೌದು."

"ಹಗಲಾ, ರಾತ್ರಿನಾ?"

"ಹಗಲು. ನೆರಳು ಬಿದ್ದಿದೆ ನೋಡು."

"ಹಗಲು ಹೊತ್ತಲ್ಲಿ ಯಾಕೆ ಮುಚ್ಚಿದೆ?"

ಅವಳು ಹೇಳಿದಳು. ಕಾರ್ಡಿನ ಮೇಜು ಚಿಕ್ಕದು, ಒಳಗಿನ ಬಟ್ಟೆಯೆಲ್ಲ ಅದರ ಮೇಲೆ ಹಿಡಿಯುವುದಿಲ್ಲ, ಮುಚ್ಚದೆ ಗತಿಯಿಲ್ಲ. ಅಪ್ಪ ಲೋಟಗಳನ್ನು ಕೆಳಗಿಟ್ಟ. ಅವನ ದನಿ ಏರಲಿಲ್ಲ.

"ಅಷ್ಟು ವರ್ಷ ಅಂಗಡಿ ನಡೆಸಿದೆ. ಜ್ವರ ಬಂದ್ರೂ ತೆಗೆದಿದ್ದೀನಿ. ಕೆಡವೋರು ಬಂದ ದಿನವೂ ತೆಗೆದೇ ಇದ್ದೆ. ಹಗಲು ಹೊತ್ತಲ್ಲಿ ಷಟರ್ ಇಳಿಸಿದ್ದು ಒಂದೇ ದಿನ. ನಿಮ್ಮಮ್ಮ ಹೋದ ದಿನ."

ಜೂಮಕ್ಕನ ಕೈ ಮೌಸಿನ ಮೇಲೆಯೇ ಉಳಿಯಿತು. ಅವಳಿಗೆ ಆ ದಿನ ನೆನಪಿತ್ತು. ಷಟರ್ ಇಳಿದದ್ದು ನೆನಪಿರಲಿಲ್ಲ.

ಅಪ್ಪ ಆಗಲೇ ಮಂಡಿಯೂರಿ ಕ್ಯಾಬಿನೆಟ್ಟಿನ ಒಳಗೆ ಬಗ್ಗಿದ್ದ. "ಈ ಗೂಡು ಯಾಕೆ ಬೇಕು?"

"ಡಿಸ್ಕ್ ಇಡೋಕೆ. ಅದು ಡಬ್ಬಕ್ಕೇ ಸೇರ್ಕೊಂಡಿದೆ, ಬಿಚ್ಚೋಕೆ ಬರಲ್ಲ."

"ಬಿಚ್ಚೋದು ಯಾಕೆ. ಕಾರ್ಡು ಮೈ, ಡಬ್ಬ ಬಟ್ಟೆ. ಮೈ ಹಿಡೀಲಿಲ್ಲ ಅಂದ್ರೆ ಬಟ್ಟೆ ಕತ್ತರಿಸ್ತೀವಿ."

"ಅಪ್ಪ, ಒಂದು ಚೂರು ತಗಡು ಬೋರ್ಡ್ ಮೇಲೆ ಬಿದ್ದು ಉಳಿದ್ರೆ ಎಲ್ಲ ಸುಟ್ಟುಹೋಗುತ್ತೆ. ಈಗ ಕಾರ್ಡ್ ಇಲ್ಲ ಅಷ್ಟೇ. ಆಮೇಲೆ ಕಂಪ್ಯೂಟರ್ರೂ ಇರಲ್ಲ."

"ಹಾಗಾದ್ರೆ ಷಟರ್ ಇಳಿಸ್ಕೊಂಡೇ ಇರು," ಎಂದು ಅಪ್ಪ ಅವಳ ಮುಖ ನೋಡಿದ.

ಅವಳು ಪ್ಲಗ್ಗು ಕಿತ್ತಳು.

ಎದುರುಮನೆಯ ತಗಡಿನ ಕೆಲಸದವನಿಂದ ಅಪ್ಪ ಮೊಂಡುಮೂತಿಯ ದೊಡ್ಡ ಕತ್ತರಿ ತಂದ. ಪೆಟ್ಟಿಗೆಯಿಂದ ಕೋಟಿನ ಒಳಪದರಕ್ಕೆಂದು ಇಟ್ಟಿದ್ದ ನುಣುಪು ಬಟ್ಟೆ ತೆಗೆದು, ಬೋರ್ಡಿನ ಮೇಲೆ ಎರಡು ಪದರ ಹೊದಿಸಿ, ಅಂಚಿಗೆ ಅಂಟುಪಟ್ಟಿ ಹಚ್ಚಿ ಮುಚ್ಚಿದರು. ಹಳೇ ಕಾರ್ಡನ್ನೂ ಡಿಸ್ಕುಗಳನ್ನೂ ತೆಗೆದು ದೂರ ಇಟ್ಟರು. ಅಪ್ಪ ಸೀಮೆಸುಣ್ಣದ ತುಂಡನ್ನು ಬೆರಳಲ್ಲಿ ಹಿಡಿದು ಗೂಡಿನ ಮುಂದೆ ಕೂತ. ಕೊರಳಿನ ಟೇಪನ್ನು ತೆಗೆದು ಅವಳ ಕೈಗೆ ಕೊಟ್ಟ.

"ನೀನು ಅಳತೆ ಹೇಳು. ನಾನು ಗೆರೆ ಹಾಕ್ತೀನಿ."

ಅವಳಿಗೆ ತಿಳಿದ ಮಟ್ಟಿಗೆ ಆ ಟೇಪು ಇನ್ನೊಬ್ಬರ ಕೈಗೆ ಹೋದದ್ದು ಅದೇ ಮೊದಲು. ಕಾರ್ಡಿನ ತುದಿಗೆ ಹಿಡಿದು ಅಂಕಿ ಕೂಗಿದಳು. "ಎತ್ತರ ಐದೂ ಮುಕ್ಕಾಲು. ದಪ್ಪ ಎರಡೂವರೆ."

ಸೀಮೆಸುಣ್ಣ ತಗಡಿನಿಂದ ಕೂದಲೆಳೆ ದೂರದಲ್ಲಿ ನಿಂತಿತು. "ಬರೀ ಅಳತೆನಾ, ಲೂಸ್ ಸೇರಿಸಿದ್ದಾ?"

ಜೂಮಕ್ಕ ಟೇಪನ್ನು ಮತ್ತೆ ನೋಡಿದಳು. ಐದೂವರೆ, ಎರಡೂಕಾಲು. ಮಿಕ್ಕ ಕಾಲಿಂಚನ್ನು ಅವಳ ಬಾಯಿ ತಾನಾಗಿಯೇ ಸೇರಿಸಿಬಿಟ್ಟಿತ್ತು.

"ಸೇರಿಸಿದ್ದು," ಎಂದಳು.

ಅಪ್ಪ ನಗಲಿಲ್ಲ. ಗೆರೆ ಎಳೆದ.

ತಗಡು ಕತ್ತರಿಸುವ ಸದ್ದಿಗೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಅಪ್ಪ ಒಂದೊಂದು ಕಚ್ಚಿಗೂ ನಿಲ್ಲಿಸುವನು, ಉಸಿರು ಬಿಡುವನು, ಮತ್ತೆ ಕಚ್ಚುವನು. ಅವಳು ಕೆಳಗೆ ಅಂಗೈ ಒಡ್ಡಿ ಬೀಳುವ ಚೂರುಗಳನ್ನು ಹಿಡಿಯುವಳು. ಕೊನೆಯ ಮೂಲೆಯಲ್ಲಿ ಕತ್ತರಿ ಜಾರಿ ಒಂದು ಸಣ್ಣ ಸಿಬಿರು ಎಗರಿತು. ಎಲ್ಲಿ ಬಿತ್ತೆಂದು ಇಬ್ಬರಿಗೂ ಕಾಣಲಿಲ್ಲ. ಬಟ್ಟೆಯ ಮೇಲಿಲ್ಲ. ನೆಲದ ಮೇಲಿಲ್ಲ. ಅದು ಸಿಗದೆ ಪ್ಲಗ್ಗು ಹಾಕುವ ಹಾಗಿರಲಿಲ್ಲ.

ಅಪ್ಪ ಎದ್ದು ಒಳಗೆ ಹೋಗಿ, ಗುಂಡುಸೂಜಿ ಎತ್ತುವ ತನ್ನ ಅಯಸ್ಕಾಂತ ತಂದ. ಡಿಸ್ಕು ದೂರವಿದೆಯೇ ಎಂದು ಅವಳು ತಿರುಗಿ ಖಾತ್ರಿ ಮಾಡಿಕೊಂಡು ತಲೆಯಾಡಿಸಿದಳು. ಅಪ್ಪ ಅದನ್ನು ಬಟ್ಟೆಯ ಅಂಚಿನುದ್ದಕ್ಕೂ ನಿಧಾನವಾಗಿ ಆಡಿಸಿದ. ಸದ್ದಿಲ್ಲ. ಫ್ಯಾನಿನ ಪಕ್ಕ ಆಡಿಸಿದ. ಸದ್ದಿಲ್ಲ. ಪವರ್ ಸಪ್ಲೈಯ ಜಾಲರಿಯ ಹತ್ತಿರ ಬಂದಾಗ ಟಿಕ್ ಎಂದಿತು. ಅಪ್ಪ ಸಿಬಿರನ್ನು ಬೆರಳ ತುದಿಯಲ್ಲಿ ಎತ್ತಿ ಅವಳಿಗೆ ತೋರಿಸಿದ. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನೆಲದ ಮೇಲೆ ಕೂತರು.

ಆಮೇಲೆ ಕಾರ್ಡು ಹೋಗಿ ಕೂತಿತು. ಅದರ ಮೂತಿ ಗೂಡಿನ ಹೊಸ ಕಿಟಕಿಯೊಳಗೆ ನುಗ್ಗಿ, ಸುತ್ತ ಒಂದಿಷ್ಟು ಗಾಳಿಯಾಡುವಷ್ಟು ಜಾಗ ಉಳಿಯಿತು. ಜಾಗ ಕಳೆದುಕೊಂಡ ಡಿಸ್ಕಿಗೆ ಅಪ್ಪ ಎಲಾಸ್ಟಿಕ್ಕಿನ ಜಾಲ ಹೊಲಿದು ಕೆಳಗೆ ತೂಗುಹಾಕಿದ. ಅವಳು ಪ್ಲಗ್ಗು ಸಿಕ್ಕಿಸಿ ಗುಂಡಿ ಒತ್ತಿದಳು.

ಫ್ಯಾನುಗಳು ತಿರುಗಿದವು. ಪರದೆ ಕಪ್ಪಾಗಿಯೇ ಇತ್ತು.

ಕಾದರು. ಕಪ್ಪು. ಅಪ್ಪ ಅವಳನ್ನು ನೋಡಲಿಲ್ಲ, ಅವಳು ಅಪ್ಪನನ್ನು ನೋಡಲಿಲ್ಲ. ಆಫ್ ಮಾಡಿ, ಪ್ಲಗ್ಗು ಕಿತ್ತು, ಕೈ ಒಳಗೆ ಹಾಕಿ ಒಂದೊಂದೇ ವೈರು ಮುಟ್ಟಿ ನೋಡಿದಳು. ಕಾರ್ಡಿಗೆ ಪವರ್ ಕೊಡುವ ಎರಡರಲ್ಲಿ ಒಂದು ಅರ್ಧವಷ್ಟೇ ಕೂತಿತ್ತು. ಹೆಬ್ಬೆರಳಿನಲ್ಲಿ ಕಟಕ್ಕೆನ್ನುವ ತನಕ ಒತ್ತಿ ಮತ್ತೆ ಚಾಲೂ ಮಾಡಿದಳು. ಪರದೆ ಬೆಳಗಿತು. ಅಪ್ಪ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದ.

ಅವಳು ಷಟರ್‌ಗಳನ್ನು ಒಂದೊಂದಾಗಿ ಎತ್ತುತ್ತ ಬಂದಳು. ಬೀಗದ ಕೈಗಳು ಬಂದವು, ಗಡಿಯಾರಗಳು ಬಂದವು. ಮೂಲೆಯಲ್ಲಿ ಮೆಮೊರಿಯ ಅಂಕಿ ಏರುತ್ತಿತ್ತು. ಹಳೇ ಕಾರ್ಡು ಸೋತ ಕಡೆ ದಾಟಿತು, ರಾಕೆಟ್ಟು ಸೋಲುವ ಕಡೆಯನ್ನೂ ದಾಟಿತು. ಕೊನೆಗೆ ಉಳಿದದ್ದು ಟೈಲರ್ ಅಂಗಡಿ. ಅದನ್ನೂ ಎತ್ತಿದಳು. ಅಂಕಿ ಇನ್ನಷ್ಟು ಏರಿ ನಿಂತಿತು. ಬೂದು ಚೌಕ ಬರಲಿಲ್ಲ. ನೋಡು ಎಂದು ತಿರುಗಿದರೆ ಅಪ್ಪ ಆಗಲೇ ಹೊರಗೆ ಹೋಗುತ್ತಿದ್ದ.

"ಮುಗೀಲಿ. ಅರ್ಧ ಹೊಲಿದದ್ದು ಬೇಡ," ಎಂದ.

ಭಾನುವಾರವಿಡೀ ಯಂತ್ರ ದುಡಿಯಿತು, ಸೋಮವಾರ ಬೆಳಗ್ಗೆ ಚಿತ್ರ ಮ್ಯೂಸಿಯಂ ಸೇರಿತು. ನೋಡಿದ ಮೇಡಂ ಫೋನಿನಲ್ಲಿ ಹೇಳಿದ್ದು ಎರಡೇ ಮಾತು. "ಒಳಗಡೆ ಎಲ್ಲ ಕಾಣ್ತಿದೆ. ನಾಳೆ ತಂದೆಯವರನ್ನೂ ಕರ್ಕೊಂಡು ಬನ್ನಿ."

ಮಂಗಳವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ಟೇಪು ಹಾಕಿಕೊಂಡೇ ಹೊರಟ. ಜೂಮಕ್ಕ ಬೇಡ ಅನ್ನಲಿಲ್ಲ. ಮ್ಯೂಸಿಯಮ್ಮಿನ ಕತ್ತಲ ಕೋಣೆಯಲ್ಲಿ ಇಡೀ ಗೋಡೆಯ ಮೇಲೆ ಬೀದಿ ಹರಿಯುತ್ತಿತ್ತು. ಜನ ನಿಂತು, ಇಗೋ ಬೀಗದ ಅಂಗಡಿ, ಅಗೋ ಗಡಿಯಾರದವನು ಎಂದು ಬೆರಳು ತೋರಿಸುತ್ತಿದ್ದರು. ಬಗ್ಗಿ ನೋಡುವವರು ಯಾರು ಎಂದಿದ್ದನಲ್ಲ ಬಾಸು, ಅವನು ಇಲ್ಲಿರಬೇಕಿತ್ತು. ಮೇಡಂ ಪಕ್ಕದಲ್ಲೇ ನಿಂತು ಯಾರಿಗೋ ಹೇಳುತ್ತಿದ್ದರು. "ಕಣ್ಣಂದಾಜಿಂದಲ್ಲ, ಒಳಗಿನ ಅಳತೆ ಕೂಡ ಇದ್ದ ಹಾಗೇ ಇದೆ."

ಬೀದಿಯ ಕೊನೆಗೆ ಬಂದ ದೃಶ್ಯ ಟೈಲರ್ ಅಂಗಡಿಯ ಹೊಸ್ತಿಲು ದಾಟಿತು. ಥಾನುಗಳ ಗೋಡೆ, ಕತ್ತರಿಸುವ ಮೇಜು, ಮೇಜಿನ ಆಚೆ ಸ್ಟೂಲು. ಜೂಮಕ್ಕ ಗೋಡೆ ಬಿಟ್ಟು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅಪ್ಪನ ಹುಬ್ಬು ಗಂಟಿಕ್ಕಿತು.

"ಇಷ್ಟು ಜಾಗ ಇರಲಿಲ್ಲ," ಎಂದ ಮೆಲ್ಲಗೆ.

ಊಟಕ್ಕೆ ಕೂತಾಗ ತಟ್ಟೆ ನೋಡುತ್ತ ಥಟ್ಟನೆ ಹೇಳಿದ ಅಂಕಿಗಳೆಲ್ಲ ನೆನಪಾದವು. ಬರೀ ಅಂಕಿ ನನ್ನ ಬಾಯಲ್ಲಿ ಬರೋದೇ ಇಲ್ಲ. ಮೇಡಂ ಕೇಳಿಸಿಕೊಂಡರೇ ಎಂದು ಓರೆಗಣ್ಣಲ್ಲಿ ನೋಡಿ, ಅಪ್ಪನ ಕಿವಿಯ ಹತ್ತಿರ ಬಗ್ಗಿದಳು.

"ಎಷ್ಟು ಸೇರಿಸಿದ್ದೆ?"

"ಗೊತ್ತಿಲ್ಲ." ಅಪ್ಪನ ಕಣ್ಣು ಮೇಜಿಗೂ ಗೋಡೆಗೂ ನಡುವಿನ ಹಾದಿಯ ಮೇಲೆ ನೆಟ್ಟಿತ್ತು. "ಅಲ್ಲಿ ನೋಡು. ಸ್ಟೂಲಿಗೆ ಹೋಗೋಕೆ ನಿಮ್ಮಮ್ಮ ಅಡ್ಡ ತಿರುಗಬೇಕಿತ್ತು. ದಿನಾ ಮೇಜಿನ ಮೂಲೆ ಸೊಂಟಕ್ಕೆ ತಗಲೋದು. ಮೇಜು ಸ್ವಲ್ಪ ಸರಿಸಿ ಅನ್ನೋಳು. ಸರಿಸೋಕೆ ಜಾಗ ಎಲ್ಲಿತ್ತು."

"ಮೇಡಂಗೆ ಹೇಳಿಬಿಡ್ತೀನಿ ಅಪ್ಪ. ಇವತ್ತು ಮನೆಗೆ ಹೋಗಿ ಸರಿಮಾಡ್ತೀನಿ."

ದೃಶ್ಯ ಮುಗಿದು ಗೋಡೆ ಕತ್ತಲಾಯಿತು, ಬೀದಿ ಮತ್ತೆ ಮೊದಲಿನಿಂದ ಶುರುವಾಯಿತು. ಬೀಗದ ಅಂಗಡಿ, ಗಡಿಯಾರದವನು, ಹೊಸ್ತಿಲು, ಮೇಜು. ಅಪ್ಪ ಟೇಪಿನ ಎರಡೂ ತುದಿ ಹಿಡಿದು ಕಾದಿದ್ದ. ಸ್ಟೂಲಿಗೆ ಹೋಗುವ ಹಾದಿ ಮತ್ತೆ ಕಂಡಾಗ ಮಗಳ ಮೊಣಕೈ ಹಿಡಿದುಕೊಂಡ.

"ಬೇಡ ಬಿಡು," ಎಂದ. "ಇನ್ನು ಮೇಲಾದ್ರೂ ನೇರವಾಗಿ ಓಡಾಡಲಿ."